ಎಡಗಾಲಿನ ಪಾಳಿ

"ಎಳೀಬೇಡ ಪುಟ್ಟಿ, ಹರಿದುಹೋಗುತ್ತೆ. ಮೇಲಿಂದ ಸುರುಳಿ ಸುತ್ಕೊಂಡು ಬಾ. ನಿಮ್ಮಮ್ಮ ತೆಗೀತಿದ್ದದ್ದು ಹಾಗೆ."

ಮಗಳು ಕೈಬಿಟ್ಟಳು. ಮಂಚದ ಮೇಲೆ ಮಲಗಿಸಿದ್ದ ತಾಯಿಯ ಎಡಗಾಲಿನಲ್ಲಿ ಕಂದುಬಣ್ಣದ ಬಿಗಿ ಕಾಲುಚೀಲವೊಂದು ಮೊಣಕಾಲಿನ ಕೆಳಗೆ ಪಟ್ಟುಹಿಡಿದು ಕೂತಿತ್ತು. ಬೆಳಿಗ್ಗೆ ಆಸ್ಪತ್ರೆಯವರು ದೇಹ ಒಪ್ಪಿಸುವಾಗ ಬಲಗಾಲಿಗೆ ಬಿಳಿ ಬ್ಯಾಂಡೇಜು ಸುತ್ತಿ ಕೊಟ್ಟಿದ್ದರು. ಏನೂ ಆಗದ ಎಡಗಾಲಿನ ಗೊಡವೆಗೆ ಯಾರೂ ಹೋಗಿರಲಿಲ್ಲ. ಹೊಸ ಬಟ್ಟೆ ತೊಡಿಸುವ ಮೊದಲು ಇದನ್ನು ತೆಗೆಯಲೇಬೇಕೆಂದು ಮಗಳು ಹಟ ಹಿಡಿದಿದ್ದಳು. ಸತ್ತ ಮೇಲೂ ಅಮ್ಮನ ಕಾಲನ್ನು ಬಿಗಿದು ಕಳಿಸುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ.

"ಬಿಡು, ನಾನು ತೆಗೀತೀನಿ," ಎಂದು ಕತ್ತರಿ ಮಂಚದ ತುದಿಗೆ ಬಂದು ಮಂಡಿಯೂರಿದಳು.

ಕತ್ತರಿ ಎಂದರೆ ಅವಳ ಅಡ್ಡಹೆಸರು. ನಾಲ್ಕು ಮಹಡಿಯ ಬಟ್ಟೆಯಂಗಡಿಯೊಂದರ ಎರಡನೇ ಮಹಡಿಯಲ್ಲಿ, ಪರದೆ ಬಟ್ಟೆಯ ಕೌಂಟರಿನ ಹಿಂದೆ, ಅವಳು ಹನ್ನೊಂದು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದಳು. ಅಳೆದುಕೊಡುತ್ತಿದ್ದವಳು ಈಗ ಮಂಚದ ಮೇಲಿದ್ದವಳು. ಗಿರಾಕಿಗಳು ಎರಡೂ ಕೈ ಅಗಲಿಸಿ "ಕಿಟಕಿ ಇಷ್ಟು ದೊಡ್ಡದಿದೆ" ಎಂದರೆ ಸಾಕು, "ಎರಡು ಮುಕ್ಕಾಲು ಮೀಟರ್ ಬೇಕಾಗುತ್ತೆ" ಎಂದು ಕಣ್ಣಳತೆಯಲ್ಲೇ ಹೇಳಿಬಿಡುತ್ತಿದ್ದಳು. ಹೀಗಾಗಿ ಅವಳು ಇಡೀ ಅಂಗಡಿಗೆ ಮೀಟರಕ್ಕ. ಗಿರಾಕಿಗಳು ಮನೆಗೆ ಹೋಗಿ ಅಳೆದು ನೋಡಿದರೆ ಎರಡು ಮುಕ್ಕಾಲೇ ಇರುತ್ತಿತ್ತು. ಅಳೆದು ನೋಡಿದ್ದಕ್ಕೆ ಅವರಿಗೇ ನಾಚಿಕೆಯಾಗಬೇಕು, ಹಾಗೆ.

ಕಾಲುಚೀಲ ಇಂಚಿಂಚಾಗಿ ಇಳಿಯಿತು. ಒಳಗಿನ ಚರ್ಮದ ಮೇಲೆ ನೂಲಿನ ಅಚ್ಚು ಸಾಲುಸಾಲಾಗಿ ಮೂಡಿತ್ತು. ಪಾದದ ಗಂಟಿನ ಮೇಲೆ ಕಾಫಿ ಚೆಲ್ಲಿ ಒಣಗಿದಂಥ ದೊಡ್ಡ ಕಲೆ. ಅದರಿಂದ ಮೀನಖಂಡದವರೆಗೆ ನೀಲಿ ಗೆರೆಗಳು.

"ಅಮ್ಮನ ಕಾಲು ನಾನು ನೋಡೇ ಇರ್ಲಿಲ್ಲ ಚಿಕ್ಕಮ್ಮ," ಎಂದಳು ಮಗಳು. "ಮನೇಲೂ ಯಾವಾಗ್ಲೂ ಮುಚ್ಕೊಂಡೇ ಇರ್ತಿದ್ಲು."

"ಇದೇನೂ ಇಲ್ಲ ಪುಟ್ಟಿ, ಈಗ ಇಳಿದಿದೆ. ನಿಂತಿದ್ದಾಗ ನೋಡ್ಬೇಕಿತ್ತು, ಒಂದೊಂದು ನರ ಬೆರಳು ದಪ್ಪ ಉಬ್ತಿತ್ತು. ಮಲಗಿದ್ರೆ ಎಲ್ಲಾ ಇಳಿದುಬಿಡುತ್ತೆ."

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಕತ್ತರಿಯ ಕೈ ನಿಂತುಹೋಯಿತು. ನಿನ್ನೆ ಮಧ್ಯಾಹ್ನದಿಂದ ಅವಳ ತಲೆಯಲ್ಲಿ ಕೊರೆಯುತ್ತಿದ್ದದ್ದು ಇದೇ ಮಾತು. ನಿನ್ನೆ ಅಂಗಡಿಯಲ್ಲಿ ಮೀಟರಕ್ಕನ ಬಲಗಾಲಿನ ನರ ಒಡೆದು ರಕ್ತ ಚಿಮ್ಮಿದಾಗ ಪಕ್ಕದಲ್ಲಿದ್ದವಳು ಅವಳೇ. ಮೀಟರಕ್ಕ "ಮಲಗಿಸೇ" ಎಂದಿದ್ದಳು. ಕತ್ತರಿ ಮಲಗಿಸಿರಲಿಲ್ಲ. ಮಲಗಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ತಿಳಿದವರು ಯಾರಾದರೂ ಹೇಳಬೇಕಿತ್ತು. ಯಾರೂ ಹೇಳದಿದ್ದರೆ ಸಾಕಪ್ಪಾ ಎಂದೂ ಅವಳಿಗೆ ಅನ್ನಿಸುತ್ತಿತ್ತು.

ಮಗಳು ಅವಳ ಭುಜ ಹಿಡಿದುಕೊಂಡಳು. "ನೀವು ಪಕ್ಕದಲ್ಲಿದ್ರಲ್ಲ ಚಿಕ್ಕಮ್ಮ. ಅದೊಂದೇ ಸಮಾಧಾನ ನಮಗೆ."

*

ಮೀಟರಕ್ಕನ ಹತ್ತಿರ ಬಿಗಿ ಕಾಲುಚೀಲ ಇದ್ದದ್ದು ಒಂದೇ ಒಂದು. ಉಬ್ಬಿದ ನರಗಳಿಗೆಂದು ಡಾಕ್ಟರು ಬರೆದುಕೊಟ್ಟಾಗ ಜೊತೆಯನ್ನೇ ಕೊಂಡಿದ್ದಳು. ಮೊದಲ ಸಲ ಒಗೆದಾಗಲೇ ಅದರಲ್ಲೊಂದಕ್ಕೆ ಗತಿ ಕಾಣಿಸಿದಳು. ಇಸ್ತ್ರಿ ಮಾಡಿದ್ದಳು.

"ಕಾಲುಚೀಲಕ್ಕೆ ಯಾರಾದ್ರೂ ಇಸ್ತ್ರಿ ಮಾಡ್ತಾರಾ ಅಕ್ಕ?" ಎಂದು ಕತ್ತರಿ ಬಿದ್ದುಬಿದ್ದು ನಕ್ಕಿದ್ದಳು.

"ಮುದುರಿಕೊಂಡಿತ್ತು ಕಣೇ. ಮುದುರಿದ ಬಟ್ಟೆ ಕಂಡ್ರೆ ನನ್ನ ಕೈ ಸುಮ್ನಿರಲ್ಲ ಅಂತ ಗೊತ್ತಲ್ಲ ನಿಂಗೆ. ರಬ್ಬರ್ ಎಲ್ಲಾ ಕರಗಿ ಹೋಯ್ತು."

ಒಂದನ್ನೇ ಕೊಡಿ ಎಂದು ಔಷಧಿ ಅಂಗಡಿಗೆ ಹೋದರೆ, ಒಂಟಿ ಕಾಲಿಗೆ ಮಾರುವುದಿಲ್ಲ ಎಂದರಂತೆ. ಇನ್ನೊಂದು ಜೊತೆ ಕೊಳ್ಳೋಣ, ಈ ತಿಂಗಳು ಬೇಡ, ಬರುವ ತಿಂಗಳು ಎಂದುಕೊಂಡು ಅವಳು ಅಂಗಡಿಯ ಪದ್ಧತಿಯನ್ನೇ ಕಾಲಿಗೂ ತಂದಳು. ಒಂದು ದಿನ ಎಡಗಾಲಿನ ಪಾಳಿ, ಮಾರನೆಯ ದಿನ ಬಲಗಾಲಿನ ಪಾಳಿ. ಬೆಳಿಗ್ಗೆ ಕೌಂಟರಿಗೆ ಬಂದ ತಕ್ಷಣ ಕತ್ತರಿ ಕೇಳುತ್ತಿದ್ದಳು, "ಇವತ್ತು ಯಾರದ್ದಕ್ಕಾ ಡ್ಯೂಟಿ?" "ಎಡಗಡೆಯವಳದು. ಬಲಗಡೆಯವಳಿಗೆ ರಜ." ಇಬ್ಬರೂ ನಗುತ್ತಿದ್ದರು. ಈ ತಮಾಷೆ ಮೂರು ವರ್ಷ ನಡೆಯಿತು, ಹೊಸ ಜೊತೆ ಮಾತ್ರ ಬರಲಿಲ್ಲ.

ಅಂಗಡಿಯ ಬಾಗಿಲು ತೆರೆದಿರುವಷ್ಟು ಹೊತ್ತು ಕೆಲಸದವರು ಕೂರುವಂತಿರಲಿಲ್ಲ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟೂವರೆ. ಮೆತ್ತೆ ಹಾಕಿದ ಕೆಂಪು ಕುರ್ಚಿಗಳಿದ್ದವು, ಅವು ಗಿರಾಕಿಗಳಿಗೆ. ಮೀಟರಕ್ಕ ಇಪ್ಪತ್ತಾರು ವರ್ಷ ಆ ಕುರ್ಚಿಗಳ ಧೂಳು ಒರೆಸಿದ್ದಳು. ಗಂಡ ಗಡಿಯಾರ ರಿಪೇರಿ ಮಾಡುವವನು. ಬೀದಿ ಮೂಲೆಯ ಪೆಟ್ಟಿಗೆಯಂಗಡಿಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂತೇ ಇರುತ್ತಿದ್ದ. "ಸಂಸಾರ ಅಂದ್ಮೇಲೆ ಹಂಚ್ಕೋಬೇಕಲ್ಲೇ," ಎನ್ನುತ್ತಿದ್ದಳು ಮೀಟರಕ್ಕ. "ಕೂರೋದು ನಿಮ್ಮ ಭಾವನ ಪಾಲಿಗೆ, ನಿಲ್ಲೋದು ನನ್ನ ಪಾಲಿಗೆ."

ಒಮ್ಮೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಕತ್ತರಿಯ ಮೊಣಕಾಲಿನ ಹಿಂದೆ ಕೆಂಪು ಎಳೆಗಳ ಒಂದು ಬಲೆಯನ್ನು ಮೀಟರಕ್ಕ ಕಂಡಳು. ನಗು ನಿಂತಿತು. ಬೆರಳಿನಿಂದ ಮುಟ್ಟಿ ನೋಡಿದಳು.

"ಯಾವಾಗಿಂದ ಇದು?"

"ಏನೋ, ಜೇಡ ಬಲೆ ಕಟ್ಟಿದ ಹಾಗಿದೆ ಅಷ್ಟೆ. ನೋವೇನಿಲ್ಲ."

"ನನಗೂ ಹೀಗೇ ಶುರುವಾಗಿದ್ದು. ಇಷ್ಟಕ್ಕೇ ನಿಂತ್ರೆ ಸರಿ, ಸೂಜಿ ಮದ್ದು ಹಾಕಿ ಮಾಯ ಮಾಡ್ತಾರಂತೆ. ಕಾಲು ಭಾರ ಆಗೋದು, ಸಂಜೆ ಬಾತುಕೊಳ್ಳೋದು ಶುರುವಾದ್ರೆ ಮಾತ್ರ ಕೂಡ್ಲೇ ತೋರಿಸ್ಬೇಕು. ನನ್ನ ತರ ಹತ್ತು ವರ್ಷ ಕಾಯಬೇಡ, ಕೇಳ್ತಾ?"

ಕತ್ತರಿ ಹೂಂ ಎಂದಿದ್ದಳು. ತೋರಿಸಿರಲಿಲ್ಲ.

*

ಹತ್ತು ಗಂಟೆಯ ಹೊತ್ತಿಗೆ ಮನೆ ತುಂಬಿತು. ಎರಡೇ ಕೋಣೆಯ ಮನೆ. ಅಕ್ಕಪಕ್ಕದ ಮನೆಗಳಿಂದ ತಂದ ಕುರ್ಚಿಗಳು ಓಣಿಯವರೆಗೂ ಬಂದಿದ್ದವು. ಎಲ್ಲರೂ ಕೂತಿದ್ದರು. ಕತ್ತರಿ ಗೋಡೆಗೊರಗಿ ನಿಂತಿದ್ದಳು.

ಅಂಗಡಿಯ ಮೇಲ್ವಿಚಾರಕರು ಹೂವಿನ ದೊಡ್ಡ ಚಕ್ರ ಹಿಡಿದುಕೊಂಡು ಬಂದರು. ಗಡಿಯಾರದವನ ಎರಡೂ ಕೈ ಹಿಡಿದುಕೊಂಡು ಮಾತಾಡಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಕೆಟ್ಟ ಮನುಷ್ಯರಲ್ಲ ಅವರು. ಕೆಟ್ಟವರಾಗಿದ್ದರೆ ಕತ್ತರಿಗೆ ಎಷ್ಟೋ ಹಗುರಾಗುತ್ತಿತ್ತು.

"ನಾನೇ ಓಡಿಹೋಗಿ ಕುರ್ಚಿ ತಂದೆ," ಎಂದರು. "ಗಿರಾಕಿಗಳ ಕುರ್ಚಿ. ಆ ಹೊತ್ತಲ್ಲಿ ನಿಯಮ ಗಿಯಮ ನೋಡೋಕಾಗುತ್ತಾ? ಕೂತ್ಕೋಮ್ಮ ಮೊದಲು ಅಂದೆ."

"ಇಪ್ಪತ್ತಾರು ವರ್ಷ," ಎಂದ ಗಡಿಯಾರದವನು. ಅವನ ಕಣ್ಣಿನ ಸುತ್ತ ಭೂತಗನ್ನಡಿಯ ಗುರುತು ಉಂಗುರದಂತೆ ಉಳಿದಿತ್ತು. "ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಅಲ್ಲಿ ಕೂತಿರ್ಲಿಲ್ಲ ಅವಳು. ಕೊನೇಗಾದ್ರೂ ಕೂತ್ಕೊಂಡು ಹೋದ್ಲಲ್ಲ ಸಾರ್. ನಿಮ್ಮ ಉಪಕಾರ."

"ಉಪಕಾರ ನಂದಲ್ಲ, ಈ ಹುಡುಗೀದು. ಕೈ ಬಿಡ್ಲಿಲ್ಲ ನೋಡಿ ಕೊನೇವರೆಗೂ."

ಎಲ್ಲರೂ ಕತ್ತರಿಯ ಕಡೆ ತಿರುಗಿದರು. ಪಕ್ಕದ ಮನೆಯ ಅಜ್ಜಿ "ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ" ಎಂದಳು. ಯಾರೋ ಎದ್ದು ತಮ್ಮ ಕುರ್ಚಿಯನ್ನು ಅವಳತ್ತ ಸರಿಸಿದರು. ಬೇಡ, ನಿಂತು ಅಭ್ಯಾಸವಾಗಿದೆ ಎಂದಳು.

*

ನಿನ್ನೆ ಮೂರೂವರೆ. ಅಂಗಡಿಯಲ್ಲಿ ರಿಯಾಯಿತಿ ಮಾರಾಟ. ಹೊಸ ಮನೆ ಕಟ್ಟಿಸಿದ್ದ ಗಂಡ ಹೆಂಡತಿ ಒಂಬತ್ತು ಕಿಟಕಿಗಳಿಗೆ ಪರದೆ ಆರಿಸುತ್ತಿದ್ದರು. ಹೆಂಡತಿಗೆ ಹಸಿರು ಬೇಕು, ಗಂಡನಿಗೆ ಯಾವುದಾದರೂ ಆದೀತು, ಮನೆಗೆ ಹೋದರೆ ಸಾಕು. ಮೀಟರಕ್ಕ ಕಪಾಟಿನಿಂದ ಸುರುಳಿ ಸುತ್ತಿದ ಹದಿನಾಲ್ಕು ಥಾನು ಬಟ್ಟೆ ಇಳಿಸಿ ಬಿಡಿಸಿದ್ದಳು. ಬಲಗಾಲಿನ ಗಂಟಿನ ಹತ್ತಿರ ಬೆಳಗಿನಿಂದ ಕಡಿತ. ಗಿರಾಕಿಯ ಮುಂದೆ ಬಗ್ಗಿ ಕೆರೆದುಕೊಳ್ಳುವಂತಿಲ್ಲ, ಎಡಗಾಲಿನ ಶೂ ಹಿಮ್ಮಡಿಯಿಂದ ಉಜ್ಜಿಕೊಳ್ಳುತ್ತಿದ್ದಳು.

"ಕಾಲ ಮೇಲೆ ನೀರು ಚೆಲ್ಲಿದೆಯಾ ನೋಡೇ, ಬೆಚ್ಚಗಾಗ್ತಿದೆ," ಎಂದಳು.

ಕತ್ತರಿ ಬಗ್ಗಿ ನೋಡಿದಳು. ನೀರಲ್ಲ. ಗಂಟಿನ ಮೇಲಿನ ಕಪ್ಪು ಕಲೆಯ ನಡುವಿನಿಂದ ರಕ್ತ ದಾರದ ಹಾಗೆ ಚಿಮ್ಮುತ್ತಿತ್ತು. ಶೂ ಆಗಲೇ ತುಂಬಿತ್ತು.

"ಅಯ್ಯೋ ಅಕ್ಕಾ!"

ಮೀಟರಕ್ಕ ಒಮ್ಮೆ ಕೆಳಗೆ ನೋಡಿದಳು. ಮುಖ ಬೆಳ್ಳಗಾಯಿತು. ಕತ್ತರಿಯ ತೋಳು ಹಿಡಿದು ಮೆಲ್ಲಗೆ, ಗಿರಾಕಿಗಳಿಗೆ ಕೇಳಿಸದಂತೆ ಹೇಳಿದಳು. "ಮಲಗಿಸೇ. ನನ್ನ ಮಲಗಿಸು. ಕಾಲು ಮೇಲೆ..."

"ಎಲ್ಲಿ ಮಲಗ್ತೀಯ ಅಕ್ಕ, ಇಷ್ಟು ಜನರ ಮುಂದೆ? ಇಲ್ಲಿ ಜಾಗ ಎಲ್ಲಿದೆ?"

ಮೀಟರಕ್ಕ ಗಿರಾಕಿಗಳ ಕಡೆ ನೋಡಿದಳು. ಹಸಿರು ಬೇಕಾಗಿದ್ದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅವಳ ಹಿಂದೆ ಹತ್ತು ಜನ ಸೇರಿದ್ದರು. ಮೀಟರಕ್ಕ ಕೈಯಿಂದ ಕಾಲು ಮುಚ್ಚುವಂತೆ ಉಡುಪಿನ ಅಂಚನ್ನು ಕೆಳಗೆಳೆದುಕೊಂಡಳು. ಮತ್ತೆ ಮಲಗಿಸು ಎನ್ನಲಿಲ್ಲ. ಅಷ್ಟರಲ್ಲಿ ಮೇಲ್ವಿಚಾರಕರು ಕೆಂಪು ಕುರ್ಚಿ ಹೊತ್ತುಕೊಂಡು ಓಡಿಬಂದರು.

ಕೂತಳು. ಕಾಲು ಕೆಳಗಿತ್ತು. "ಕೊನೆಗೂ ಕೂತೆ ನೋಡೇ," ಎಂದು ನಗಲು ನೋಡಿದಳು.

ಕಟ್ಟಿ, ಬಿಗಿಯಾಗಿ ಕಟ್ಟಿ ಎಂದು ಎಲ್ಲರೂ ಕೂಗುತ್ತಿದ್ದರು. ಕತ್ತರಿ ಒಂದು ಹೊಸ ಥಾನನ್ನು ಎಳೆದಳು. "ಅದು ಬೇಡ್ವೇ, ಹೊಸದು. ತುಂಡು ಬಟ್ಟೆ ಡಬ್ಬದಲ್ಲಿದೆ," ಎಂದಳು ಮೀಟರಕ್ಕ. ಕತ್ತರಿ ಕೇಳಲಿಲ್ಲ. ಎರಡಂಗುಲದ ಪಟ್ಟಿ ಸರ್ರೆಂದು ಹರಿದು ಮೊಣಕಾಲಿನ ಕೆಳಗೆ ಸುತ್ತಿ ಗಂಟು ಹಾಕಿದಳು. ಕತ್ತರಿ ಹಾಕಿದ ಗಂಟು ಎಂದೂ ಬಿಚ್ಚಿಕೊಂಡದ್ದಿಲ್ಲ, ಅಂಗಡಿಯ ಪೊಟ್ಟಣಗಳನ್ನೆಲ್ಲ ಕಟ್ಟುತ್ತಿದ್ದವಳು ಅವಳೇ. ಕೆಳಗೆ ಗಾಯದ ಮೇಲೆ ಪರದೆಯ ಒಳಮೈಗೆ ಹಾಕುವ ಅಸ್ತರಿ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಸುತ್ತಿದಳು. ಬಟ್ಟೆ ನೆನೆಯಿತು. ಇನ್ನಷ್ಟು ಸುತ್ತಿದಳು. ಅದೂ ನೆನೆಯಿತು. ಕಟ್ಟಿದ ಮೇಲೆ ರಕ್ತ ಇನ್ನೂ ಜೋರಾಗಿದೆ ಎಂದು ಅವಳಿಗೆ ಅನ್ನಿಸಿತು. ಹೆದರಿಕೆಗೆ ಹಾಗೆ ಕಾಣುತ್ತಿದೆ ಎಂದುಕೊಂಡಳು.

ಆಂಬುಲೆನ್ಸು ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ನಡುವೆ ಮೀಟರಕ್ಕ ಆಕಳಿಸತೊಡಗಿದಳು. "ದೀಪ ಆರಿಸಿದ್ರಾ? ಎಂಟೂವರೆ ಆಯ್ತಾ?" ಎಂದು ಕೇಳಿದಳು. ಆಮೇಲೆ ಒಂದು ಪಕ್ಕಕ್ಕೆ ಜಾರಿದಳು. ಮೇಲ್ವಿಚಾರಕರು ಒಂದು ಭುಜ, ಪಕ್ಕದ ಕೌಂಟರಿನವನು ಇನ್ನೊಂದು ಭುಜ ಹಿಡಿದು ನೆಟ್ಟಗೆ ಕೂರಿಸಿದರು. ಬೀಳಬಾರದು ಎಂದು ಗಟ್ಟಿಯಾಗಿ ಹಿಡಿದುಕೊಂಡರು. ಕತ್ತರಿ ಅವಳ ಕೈ ಹಿಡಿದಿದ್ದಳು. ಆ ಕೈ ತಣ್ಣಗಾದದ್ದು ಯಾವಾಗ ಎಂದು ಅವಳಿಗೆ ತಿಳಿಯಲೇ ಇಲ್ಲ.

*

ದೇಹ ಹೊರಡಿಸುವುದಕ್ಕೆ ಅರ್ಧ ಗಂಟೆ ಇದ್ದಾಗ ಡ್ರೆಸ್ಸಿಂಗ್ ನರ್ಸಮ್ಮ ಬಂದಳು. ಕ್ಲಿನಿಕ್ಕಿನ ಬಿಳಿ ಉಡುಪಿನಲ್ಲೇ ಇದ್ದಳು, ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದಿದ್ದಳು. ಮೀಟರಕ್ಕನ ಬಲಗಾಲಿನ ಹುಣ್ಣನ್ನು ಎಂಟು ತಿಂಗಳು, ವಾರದ ರಜೆಯ ದಿನ ತಪ್ಪದೆ, ತೊಳೆದು ಕಟ್ಟಿ ಮಾಯಿಸಿದವಳು ಅವಳು. ಮಂಚದ ಪಕ್ಕ ನಿಂತು ಬಿಳಿ ಬ್ಯಾಂಡೇಜನ್ನು ಬಹಳ ಹೊತ್ತು ನೋಡಿದಳು.

"ಎಲ್ಲಿಂದ ಬಂತು ರಕ್ತ? ಹಳೇ ಗಾಯದ ಜಾಗಾನೇನಾ?"

"ಅದೇ ಜಾಗ ಸಿಸ್ಟರ್," ಎಂದ ಗಡಿಯಾರದವನು.

"ತಕ್ಷಣ ಮಲಗಿಸಿದ್ರಾ?"

ಕತ್ತರಿಯ ಬೆನ್ನು ಗೋಡೆಗೆ ಅಂಟಿಕೊಂಡಿತು.

"ಇಲ್ಲ ಸಿಸ್ಟರ್, ಕುರ್ಚೀಲಿ ಕೂರಿಸಿದ್ರು. ಗಿರಾಕಿಗಳ ಕುರ್ಚಿ! ಸಾಹೇಬರೇ ತಂದುಕೊಟ್ಟರಂತೆ." ಗಡಿಯಾರದವನ ಮುಖದಲ್ಲಿ ಒಂದು ಬಗೆಯ ಹೆಮ್ಮೆಯಿತ್ತು. "ಈ ಮಗು ಕಾಲಿಗೆ ಪಟ್ಟಿ ಕಟ್ಟಿತು. ಎಲ್ಲಾ ಮಾಡಿದ್ರು, ಆಯುಸ್ಸು ಇರ್ಲಿಲ್ಲ."

ನರ್ಸಮ್ಮ ಏನೋ ಹೇಳಲು ಬಾಯಿ ತೆರೆದಳು. ಗಡಿಯಾರದವನ ಮುಖ ನೋಡಿದಳು. "ಒಳ್ಳೇದು ಮಾಡಿದ್ರು," ಎಂದಳು. ಹೊರಟಳು.

ಓಣಿಯ ತುದಿಯ ನಲ್ಲಿಯ ಹತ್ತಿರ ಕತ್ತರಿ ಅವಳನ್ನು ಹಿಡಿದಳು.

"ಸಿಸ್ಟರ್, ನಿಂತ್ಕೊಳ್ಳಿ. ನೀವು ಏನೋ ಹೇಳೋಕೆ ಹೋಗಿ ನುಂಗ್ಕೊಂಡ್ರಿ. ನಾನು ನೋಡ್ದೆ."

"ಏನಿಲ್ಲಮ್ಮ. ಹೋಗು, ಒಳಗೆ ನಿನ್ನ ಹುಡುಕ್ತಿರ್ತಾರೆ."

"ಅವಳು ಮಲಗಿಸೇ ಅಂದ್ಲು. ನಾನು ಮಲಗಿಸ್ಲಿಲ್ಲ." ಕತ್ತರಿ ಅವಳ ಕೈಚೀಲದ ಹಿಡಿ ಹಿಡಿದುಕೊಂಡಳು. "ಮಲಗಿಸಿದ್ರೆ ಏನಾಗ್ತಿತ್ತು? ಹೇಳಿಬಿಡಿ. ಇಲ್ಲಾಂದ್ರೆ ನನಗೆ ಹುಚ್ಚು ಹಿಡಿಯುತ್ತೆ."

ನರ್ಸಮ್ಮ ನಲ್ಲಿಯ ಕಟ್ಟೆಯ ಮೇಲೆ ಕೈಚೀಲ ಇಟ್ಟಳು. ನೇರವಾಗಿ ಕೇಳಿದರೆ ಅವಳು ಸುಳ್ಳು ಹೇಳಿ ಬಲ್ಲವಳಲ್ಲ. ದಿನವೂ ಗಾಯ ಬಿಚ್ಚಿ ನೋಡುವವರಿಗೆ ಅದು ಬರುವುದೂ ಕಷ್ಟ.

"ಕಾಲಿಂದ ರಕ್ತ ಮೇಲೆ ಹತ್ತಬೇಕಲ್ಲ, ದಾರೀಲಿ ಸಣ್ಣ ಸಣ್ಣ ಬಾಗಿಲು ಇರ್ತವೆ. ಹತ್ತಿದ್ದು ಕೆಳಗೆ ಇಳೀಬಾರ್ದು ಅಂತ. ಅವಳಿಗೆ ಆ ಬಾಗಿಲುಗಳು ಕೆಟ್ಟಿದ್ವು. ನಿಂತ್ರೆ, ಕೂತ್ರೆ, ಮೇಲಿನ ರಕ್ತವೆಲ್ಲ ಕೆಳಗೇ ಬಂದು ನಿಲ್ಲೋದು. ಮಲಗಿ ಕಾಲೆತ್ತಿದ್ರೆ ಆ ಒತ್ತಡವೇ ಇರಲ್ಲ."

"ಆಮೇಲೆ?"

"ಗಾಯದ ಮೇಲೆ ಹೆಬ್ಬೆರಳು ಒತ್ತಿ ಹಿಡೀಬೇಕು. ಹತ್ತು ನಿಮಿಷ."

"ಹತ್ತು ನಿಮಿಷಕ್ಕೆ?"

"ಸಾಮಾನ್ಯವಾಗಿ ನಿಲ್ಲುತ್ತಮ್ಮ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಕತ್ತರಿ ಅದನ್ನು ತಿರುಗಿಸಿ ಬಿಗಿಮಾಡಿದಳು. "ನಾನು ಮೊಣಕಾಲಿನ ಕೆಳಗೆ ಗಂಟು ಹಾಕ್ದೆ. ಬಿಗಿಯಾಗಿ."

ನರ್ಸಮ್ಮ ನಲ್ಲಿಯ ಕಡೆ ಮುಖ ತಿರುಗಿಸಿದಳು.

"ಅದು ತಪ್ಪಾ?"

"ಗೊತ್ತಿಲ್ದೋರು ಎಲ್ಲರೂ ಹಾಗೇ ಮಾಡ್ತಾರೆ. ಮೇಲೆ ಹೋಗೋ ದಾರೀನೂ ಕಟ್ಟಿದ ಹಾಗಾಗುತ್ತೆ, ಇರೋ ರಕ್ತವೆಲ್ಲ ಗಾಯದಿಂದ್ಲೇ ಹೊರಗೆ ಬರುತ್ತೆ."

"ಅಂದ್ರೆ ನಾನೇ..."

"ಬಾಯಿ ಮುಚ್ಚು. ನೀನಲ್ಲ." ನರ್ಸಮ್ಮ ಅವಳ ಎರಡೂ ಕೈ ಹಿಡಿದು ಅಲುಗಿಸಿದಳು. "ಅವಳಿಗೆ ನಾನು ಇದನ್ನೆಲ್ಲ ಹೇಳಿದ್ದೆ. ಚರ್ಮ ಕಾಗದದ ಹಾಗೆ ಆಗಿದೆ, ಯಾವತ್ತಾದ್ರೂ ಒಡೆದ್ರೆ ಇದ್ದಲ್ಲೇ ಮಲಗಿಬಿಡು ಅಂತ. ನಕ್ಕಳು. ಪಕ್ಕದಲ್ಲಿ ನಿಲ್ಲೋಳಿಗೆ ಹೇಳಬೇಕು ಅಂತ ನನಗೆ ಹೊಳೀಲಿಲ್ಲ ನೋಡು. ಕಾಲು ಅವಳದು, ಬಗ್ಗಿ ಒತ್ತಬೇಕಾದವಳು ನೀನು. ನಿನ್ನನ್ನ ಒಂದು ಸಲ ಕರ್ಕೊಂಡು ಬಾ ಅಂದಿದ್ರೆ ಸಾಕಿತ್ತು."

ಅವಳು ಕೈಚೀಲ ಎತ್ತಿಕೊಂಡಳು. ಹೋಗುವಾಗ ನರ್ಸಮ್ಮ ತಿರುಗಿ ಹೇಳಿದಳು, "ಆ ಮನುಷ್ಯನಿಗೆ ಹೇಳ್ಬೇಡ. ಅವನ ಹತ್ರ ಇರೋದು ಆ ಕುರ್ಚಿ ಒಂದೇ."

*

ಲೇಸರ್ ಮಾಡಿಸಿಕೋ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಹಾಗೆ ಹೇಳಿದ ದಿನ ಡ್ರೆಸ್ಸಿಂಗ್ ಕೋಣೆಯ ಎತ್ತರದ ಮಂಚದ ಮೇಲೆ ಮೀಟರಕ್ಕ ಕಾಲು ನೀಡಿಕೊಂಡು ಮಲಗಿದ್ದಳು. ವಾರದಲ್ಲಿ ಅವಳು ಹಗಲು ಹೊತ್ತು ಮಲಗುತ್ತಿದ್ದದ್ದು ಅಲ್ಲಿ ಮಾತ್ರ.

"ಕೆಟ್ಟ ನರವನ್ನ ಒಳಗಿಂದಲೇ ಸುಟ್ಟು ಮುಚ್ಚಿಬಿಡ್ತಾರೆ," ಎಂದು ನರ್ಸಮ್ಮ ವಿವರಿಸಿದಳು.

"ಮುಚ್ಚಿದ್ರೆ ರಕ್ತ ಯಾವ ಕಡೆ ಹೋಗ್ಬೇಕು ಸಿಸ್ಟರ್? ಅದಕ್ಕೂ ಮನೆ ಮಠ ಬೇಡ್ವಾ?"

"ಒಳಗೆ ಬೇರೆ ದೊಡ್ಡ ದಾರಿ ಇದೆ. ಅದರಲ್ಲಿ ಹೋಗುತ್ತೆ. ಅವತ್ತೇ ಮನೆಗೆ ಕಳಿಸ್ತಾರೆ. ಮಾರನೇ ದಿನದಿಂದ ಚೆನ್ನಾಗಿ ನಡೀಬೇಕು. ಎರಡು ವಾರ ಒಂದೇ ಕಡೆ ನಿಲ್ಲಬಾರ್ದು, ಅಷ್ಟೆ."

ಮೀಟರಕ್ಕ ಚಾವಣಿ ನೋಡಿದಳು. "ನಡೆಯೋ ಕೆಲಸ ಆಗಿದ್ರೆ ನಾಳೇನೇ ಮಾಡಿಸ್ಕೊಳ್ತಿದ್ದೆ. ನಂದು ನಿಲ್ಲೋ ಕೆಲಸ ಅಲ್ವಾ."

"ರಜ ಕೇಳು."

"ಕೇಳಿದ್ದೀನಿ. ಸೇಲ್ ಮುಗೀಲಿ ಅಂದಿದ್ದಾರೆ."

ಒಂದು ಸೇಲ್ ಮುಗಿಯಿತು, ಇನ್ನೊಂದು ಬಂತು. ನರ್ಸಮ್ಮ ಬೇರೆ ಉಪಾಯ ಹೇಳಿಕೊಟ್ಟಳು. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸು, ಮೀನಖಂಡ ಹಿಂಡಿದ ಹಾಗಾಗಿ ರಕ್ತ ಮೇಲೇರುತ್ತದೆ. ಅಂದಿನಿಂದ ಮೀಟರಕ್ಕ ಕೌಂಟರಿನ ಹಿಂದೆ ತುದಿಗಾಲಲ್ಲಿ ಏರಿ ಇಳಿಯತೊಡಗಿದಳು. ಗಿರಾಕಿಗಳು ಆಕೆ ಕಪಾಟಿನ ಮೇಲಿನ ಅರೆಯ ಥಾನನ್ನು ತೋರಿಸುತ್ತಿದ್ದಾಳೆಂದು ತಿಳಿದು "ಅದೂ ಕೊಡಿ, ನೋಡೋಣ" ಎನ್ನುತ್ತಿದ್ದರು. ಇಳಿಸಿ ತೋರಿಸುತ್ತಿದ್ದಳು. ಆ ವರ್ಷ ಪರದೆ ಬಟ್ಟೆಯ ವಿಭಾಗಕ್ಕೆ ಅತಿ ಹೆಚ್ಚು ಮಾರಾಟದ ಬಹುಮಾನ ಬಂತು, ಗೋಡೆಗೆ ಹಾಕುವ ಗಡಿಯಾರ. ಮನೆಗೆ ತಂದಾಗ ಗಂಡ ಅದನ್ನು ತಿರುಗಿಸಿ ನೋಡಿ, ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುವ ಮಾಲು ಎಂದಿದ್ದ.

*

ಮಣ್ಣು ಮುಗಿಸಿ ಎಲ್ಲರೂ ಮನೆಗೆ ಬಂದಾಗ ಒಂದೂವರೆ ಗಂಟೆ. ಜನ ಕರಗಿದರು. ಮಗಳು ಒಳಗೆ ಮಂಚದ ಹೊದಿಕೆ ತೆಗೆದು ಮಡಿಸುತ್ತಿದ್ದಳು. ಮೇಲ್ವಿಚಾರಕರು ಕೈಗಡಿಯಾರ ನೋಡಿಕೊಂಡು, ಸಂಕೋಚದಿಂದಲೇ, ಮೂರು ಗಂಟೆಗೆ ಅಂಗಡಿ ತೆಗೆಯಬೇಕು, ಇವತ್ತು ಸೇಲಿನ ಕೊನೆಯ ದಿನ ಎಂದರು.

ಗಡಿಯಾರದವನು ಕತ್ತರಿಯನ್ನು ಹತ್ತಿರ ಕರೆದ.

"ಹೋಗೋ ಮುಂಚೆ ಇನ್ನೊಂದ್ಸಲ ಹೇಳಮ್ಮ. ನೋವಿತ್ತಾ ಅವಳಿಗೆ?"

"ಇಲ್ಲ ಭಾವ. ನೋವೇ ಇರ್ಲಿಲ್ಲ."

ಇದು ನಿಜವಾಗಿತ್ತು. ಇಷ್ಟಕ್ಕೇ ಅವನು ನಿಲ್ಲಿಸಲಿ ಎಂದು ಅವಳು ಬಯಸಿದಳು.

"ಆರಾಮಾಗಿ ಕೂತಿದ್ಲಾ?"

"ಹೂಂ."

"ಹಿಂದಕ್ಕೆ ಒರಗಿಕೊಂಡು?"

"ಹೂಂ ಭಾವ. ಒರಗಿಕೊಂಡು."

"ಕಾಲು ಚಾಚಿದ್ಲಾ? ಮನೇಲಿ ಕೂತ್ರೆ ಮೊದಲು ಕಾಲು ಚಾಚೋಳು ಅವಳು. ಮುಂದೆ ಏನಾದ್ರೂ ಇಟ್ಟುಕೊಡಿ ಅನ್ನೋಳು."

ಕತ್ತರಿಗೆ ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಏನು ಉಳಿಯುತ್ತದೆ ಈ ಮನುಷ್ಯನಿಗೆ? ಹೇಳದಿದ್ದರೆ ತನಗೇನು ಉಳಿಯುತ್ತದೆ? ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ, ಗಡಿಯಾರದ ಸಣ್ಣ ಮುಳ್ಳೊಂದನ್ನು ಚಿಮುಟದಲ್ಲಿ ಹಿಡಿದು ಕೂರಿಸುವಾಗ ನೋಡುವಂತೆ.

"ಚಾಚಿದ್ಲು ಭಾವ. ನಾನೇ ಥಾನು ಇಟ್ಟುಕೊಟ್ಟೆ, ಅದರ ಮೇಲೆ ಕಾಲಿಟ್ಟುಕೊಂಡ್ಲು."

ಅವನು ಕಣ್ಣು ಮುಚ್ಚಿ ತಲೆಯಾಡಿಸಿದ. ನಿನ್ನೆಯಿಂದ ಮೊದಲ ಬಾರಿಗೆ ಅವನ ಹೆಗಲು ಸಡಿಲವಾಯಿತು. ಆಮೇಲೆ ಮೇಲ್ವಿಚಾರಕರ ಕಡೆ ತಿರುಗಿದ. "ಸಾರ್, ಒಂದು ಮಾತು. ಆ ಕುರ್ಚಿ ನನಗೆ ಕೊಡ್ತೀರಾ? ನನ್ನ ಅಂಗಡೀಲಿ ಹಾಕ್ಕೊಂಡು ಕೂರ್ತೀನಿ. ಅವಳು ಆರಾಮಾಗಿ ಕೂತ ಕುರ್ಚಿ."

"ಅದಕ್ಕೇನಂತೆ, ಇವತ್ತೇ ಒರೆಸಿ ಕಳಿಸ್ತೀನಿ," ಎಂದರು ಅವರು.

ಕತ್ತರಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೇಡ ಭಾವ ಎನ್ನಲು ಇನ್ನು ಯಾವ ದಾರಿಯೂ ಇರಲಿಲ್ಲ. ತಾನೇ ಅದನ್ನೂ ಮುಚ್ಚಿದ್ದಳು.

*

ಮೂರು ಗಂಟೆಗೆ ಅಂಗಡಿಯ ದೀಪಗಳು ಹೊತ್ತಿದವು. ಎರಡನೇ ಮಹಡಿಯ ನೆಲವನ್ನು ಫಿನಾಯಿಲ್ ಹಾಕಿ ಒರೆಸಿದ್ದರು. ಹದಿನಾಲ್ಕು ಥಾನುಗಳನ್ನೂ ಯಾರೋ ಸುತ್ತಿ ಕಪಾಟಿಗೆ ಏರಿಸಿದ್ದರು, ಹಸಿರಿನ ಜೊತೆ ನೀಲಿ ಸೇರಿಹೋಗಿತ್ತು. ಮೀಟರಕ್ಕ ಕಂಡಿದ್ದರೆ ಬೈಯುತ್ತಿದ್ದಳು. ಕೆಳಗೆ ಗಿರಾಕಿಗಳ ಸದ್ದು ಶುರುವಾಗಿತ್ತು, ಮೇಲೆ ಇನ್ನೂ ಯಾರೂ ಬಂದಿರಲಿಲ್ಲ.

ಕತ್ತರಿ ಕೌಂಟರಿನ ಪುಟ್ಟ ಬಾಗಿಲು ತಳ್ಳಿ ಒಳಗೆ ಹೋದಳು. ಕೌಂಟರಿಗೂ ಕಪಾಟಿಗೂ ನಡುವಿನ ದಾರಿಯನ್ನು ನೋಡುತ್ತ ನಿಂತಳು. ಹನ್ನೊಂದು ವರ್ಷ ಅಲ್ಲೇ ಓಡಾಡಿದ್ದರೂ ಅದರ ಅಳತೆ ಅವಳಿಗೆ ಗೊತ್ತಿರಲಿಲ್ಲ. ಅಳೆಯುವುದು ಅವಳ ಕೆಲಸವಾಗಿರಲಿಲ್ಲ.

ಶೂ ಬಿಚ್ಚಿ ಪಕ್ಕಕ್ಕಿಟ್ಟಳು. ನೆಲದ ಮೇಲೆ ಕೂತಳು, ನಿಧಾನವಾಗಿ ಹಿಂದಕ್ಕೆ ಮಲಗಿದಳು. ನೆಲ ಇನ್ನೂ ಒದ್ದೆಯಿತ್ತು. ಉದ್ದಕ್ಕೆ ಮಲಗಿದರೂ ತಲೆಯ ಹತ್ತಿರ ಒಂದು ಮೊಳ ಜಾಗ ಮಿಕ್ಕಿತು. ಪಕ್ಕದಲ್ಲಿ ಇನ್ನೊಬ್ಬಳು ಮಂಡಿಯೂರಿ ಕೂರುವಷ್ಟು ಜಾಗವಿತ್ತು. ಬಲಗಾಲನ್ನೆತ್ತಿ ಕಪಾಟಿನ ಎರಡನೇ ಹಲಗೆಯ ಮೇಲಿಟ್ಟಳು. ಹಿಮ್ಮಡಿ ಅಸ್ತರಿ ಬಟ್ಟೆಯ ಮೇಲೆ ಮೆತ್ತಗೆ ಕೂತಿತು. ಮೊಣಕಾಲಿನ ಹಿಂದಿನ ಭಾರ ಸ್ವಲ್ಪ ಸ್ವಲ್ಪವೇ ಇಳಿಯತೊಡಗಿತು.

ಮೆಟ್ಟಿಲ ಕಡೆಯಿಂದ ಹೆಜ್ಜೆಗಳು ಹತ್ತಿರ ಬಂದವು. ಇಬ್ಬರು ಹೆಂಗಸರು. ಕೌಂಟರಿನ ಆಚೆ ಬದಿಗೆ, ಅವಳ ಮುಖದ ನೇರಕ್ಕೇ, ಬಂದು ನಿಂತರು. ಒಬ್ಬಳು ಮೊಣಕೈಯೂರಿದಳು, ಹಲಗೆ ಕಿರುಗುಟ್ಟಿತು. ಮಲಗಿದ್ದ ಕತ್ತರಿಗೆ ಕೌಂಟರಿನ ಮರದ ಬೆನ್ನು ಕಂಡಿತು, ಅದರ ಮೇಲೆ ಟ್ಯೂಬ್ ಲೈಟುಗಳು ಕಂಡವು. ಒಬ್ಬರ ಮುಖವೂ ಕಾಣಲಿಲ್ಲ.

"ಹಲೋ? ಯಾರಾದ್ರೂ ಇದ್ದೀರಾ?"

ಕತ್ತರಿ ಉಸಿರು ಬಿಗಿಹಿಡಿದಳು. ನಿನ್ನೆ ಜನರ ಮುಂದೆ ಹೇಗೆ ಎಂದು ತಾನು ಅಂದದ್ದು ನಿಜವಾಗಲಿ, ಒಬ್ಬಳು ಬಗ್ಗಿ ನೋಡಲಿ, ಯಾರಾದರೂ ಒಬ್ಬರು ತನ್ನನ್ನು ನೋಡಿ ಕಿರುಚಲಿ ಎಂದು ಅವಳು ಬೇಡಿಕೊಂಡಳು.

"ಇಲ್ಲಿ ಯಾರೂ ಇಲ್ಲ, ಬಾ," ಎಂದಳು ಇನ್ನೊಬ್ಬಳು. ಹೆಜ್ಜೆಗಳು ಪಕ್ಕದ ಕೌಂಟರಿನ ಕಡೆ ಹೋದವು.